ಹಂಪಿಗೆ ಹೋಗಾಕ ಹದ ಯಾವಾಗ?

ನಮ್ಮ ಓಣ್ಯಾಗ ಹಂಪಿಗೆ ಹೋಗೋ ಮಾತು ವರ್ಷಕ್ಕ ನಾಕ್ ಸಲ ಏಳತೈತಿ, ನಾಕ್ ಸಲಾನೂ ಹಂಗ ಮಲಗತೈತಿ. ಯುಗಾದಿ ಮುಂದ ಕೇಳಿದ್ರ "ಯವ್ವಾ, ಈ ಬಿಸಲಾಗ ಆ ಕಲ್ಲಿನ ಊರಾಗ ಯಾರ್ ಅಡ್ಡಾಡ್ತಾರ" ಅಂತೀರಿ. ಪಂಚಮಿ ಮುಂದ ಕೇಳಿದ್ರ "ಡ್ಯಾಮಿನ ನೀರು ಬಿಟ್ಟಾರಂತ, ಹೊಳಿ ತುಂಬೇತಂತ" ಅಂತೀರಿ. ದೀಪಾವಳಿಗೆ ಗೋವಿನಜೋಳದ ರಾಶಿ ಅಡ್ಡ ಬರತೈತಿ. ಸಂಕ್ರಾಂತಿಗೆ ಮೆಣಸಿನಕಾಯಿ ಬಿಡಸೋದು ಅಡ್ಡ ಬರತೈತಿ. ನಮ್ಮ ಕಾಗಿನೆಲಿಯಿಂದ ಗಾಡ್ಯಾಗ ಕುಂತ್ರ ಮೂರು-ನಾಕ್ ತಾಸಿನ ದಾರಿ ಅದು. ಕಾಶಿಗೆ ಹೋಗಿ ಬಂದವರು ನಮ್ಮೊಳಗ ಅದಾರ, ಹಂಪಿ ನೋಡಿದವರು ಕಡಿಮಿ.

ನಮ್ಮ ಅತ್ತಿಯವರಿಗೆ ಈಗ 78 ವರ್ಷ. ಧರ್ಮಸ್ಥಳ, ಪಂಢರಪುರ, ತಿರುಪತಿ ಎಲ್ಲಾ ಆಗ್ಯಾವ. ಹಂಪಿ ಆಗಿಲ್ಲ. ಮೊಣಕಾಲು ಇನ್ನೊಂದೆರಡು ವರ್ಷ ಅವರ ಮಾತು ಕೇಳಬಹುದು, ಆಮ್ಯಾಲೆ ಕೇಳಂಗಿಲ್ಲ. ಬಾಜೂ ಮನಿ ದೊಡ್ಡವ್ವಾರೂ ಹಿಂಗ "ಮುಂದಿನ ವರ್ಷ ನೋಡೂಣಳ" ಅನ್ಕೋತ ಅನ್ಕೋತ ಹ್ವಾದ್ರು, ವಿರೂಪಾಕ್ಷನ್ನ ಕ್ಯಾಲೆಂಡರ್‍ನ್ಯಾಗ ಅಷ್ಟ ನೋಡಿದ್ರು. ಅದಕ್ಕ ಈ ಸಲ "ಹೋಗೂಣೇನು" ಅಂತ ಕೇಳೋದು ಬಿಟ್ಟು "ಯಾವಾಗ ಹೋಗೂಣು" ಅಂತ ಲೆಕ್ಕ ಹಾಕೇನಿ.

ಪಿಯುಸಿಯೊಳಗ ನನಗ ಇತಿಹಾಸ ಚಲೋ ಬರತಿತ್ತು, ಈಗಲೂ ಊರ ಗ್ರಂಥಾಲಯದಾಗ ಅವ ಪುಸ್ತಕಾನ ಹುಡುಕತೇನಿ. ಹಿಂಗಾಗಿ ಮೊದಲ ಕೇಳಿಕೊಂಡಿದ್ದು ಇದು: ಹಿಂದಕ ಹಂಪಿಗೆ ಬಂದವರು ಯಾವ ಕಾಲಕ್ಕ ಬಂದ್ರು, ಯಾಕ ಆ ಕಾಲಕ್ಕ ಬಂದ್ರು? ಇದನ್ನ ಹುಡುಕಿದ ಮ್ಯಾಲೆ ತಿಳೀತು, ಹಂಪಿಗೆ ತನ್ನದ ಆದ ಒಂದು ಪಂಚಾಂಗ ಇತ್ತು. ಅದನ್ನ ಬರದಿದ್ದು ಹೊಳಿ ಮತ್ತ ಹೊಲ. ರಾಜರೂ ಅದನ್ನ ನೋಡೇ ದಿನ ಹಿಡೀತಿದ್ರು.

ನಮಗೂ ಹಂಪಿಗೂ ಏನ್ ಸಂಬಂಧ ಅಂತ ಮೊದಲ ಹೇಳಿ ಮುಂದ ಹೋಗತೇನಿ. ನಮ್ಮ ಕನಕದಾಸರು ಬಾಡದಾಗ ಹುಟ್ಟಿದವರು. ಬಂಕಾಪುರದ ಸೀಮಿಗೆ ದಣ್ಣಾಯಕರಾಗಿದ್ರು ಅಂತ ಹಿರೇರು ಹೇಳ್ಕೋತ ಬಂದಾರ. ಆ ಬಂಕಾಪುರ ವಿಜಯನಗರದ ಕೈಯೊಳಗಿತ್ತು, ಕರಾವಳಿಯಿಂದ ರಾಜಧಾನಿಗೆ ಹೋಗೋ ದಾರಿ ಮ್ಯಾಲಿತ್ತು. ಕನಕದಾಸರ ಗುರುಗಳಾದ ವ್ಯಾಸರಾಯರು ಇದ್ದಿದ್ದು ಹಂಪ್ಯಾಗ, 1539ರಾಗ ದೇಹ ಬಿಟ್ಟಿದ್ದೂ ಅಲ್ಲೇ. ಅವರ ವೃಂದಾವನ ಆನೆಗುಂದಿ ಹತ್ರ ಹೊಳಿ ನಡುವಿನ ನವವೃಂದಾವನದಾಗ ಐತಿ. ಇನ್ನ ಆ ಹೊಳಿ ಯಾವುದು? ನಮ್ಮದ. ನಮ್ಮ ವರದಾ ಗಳಗನಾಥದಾಗ ತುಂಗಭದ್ರಾಕ್ಕ ಕೂಡತಾಳ. ಅಂದ್ರ ನಮ್ಮ ಹೊಲದ ಮಳಿನೀರು ನಮಗಿಂತ ಮೊದಲ ಹಂಪಿಗೆ ಹೋಗಿ ಬರಾಕತ್ತೇತಿ.

ಈಗ ಒಂದೊಂದ ಕಾಲ ತಗೊಂಡು ನೋಡೂಣು.

ಮೊದಲಿಗೆ ಬ್ಯಾಸಗಿ. 1443ರ ಏಪ್ರಿಲ್ ಕೊನಿಗೆ ಒಬ್ಬ ದೊಡ್ಡ ಅತಿಥಿ ವಿಜಯನಗರಕ್ಕ ಬಂದ. ಹೆಸರು ಅಬ್ದುರ್ ರಜಾಕ್. ತೈಮೂರನ ಮಗ ಶಾರುಖ್ ಹೆರಾತ್ ಪಟ್ಟಣದಿಂದ ಕಳಿಸಿದ ರಾಯಭಾರಿ. ಅವನೇನು ತಿಂಗಳು ಆರಿಸಿ ಬಂದವನಲ್ಲ. ಅವನ ಹಡಗು ಹಾರ್ಮುಜ್ ಬಂದರ ಬಿಡೋದು ತಡಾ ಆತು, ಗಾಳಿ ಕಾಲ ತಪ್ಪಿತು, ನಡುವ ಬಿಸಲಿಗೆ ಸಿಕ್ಕು ಜಡ್ಡಿಗೆ ಬಿದ್ದ, ಕಡೀಗೆ ಕಲ್ಲಿಕೋಟಿ ಮುಟ್ಟಿದ. ಅಲ್ಲಿ ಇದ್ದಾಗ ವಿಜಯನಗರದ ಎರಡನೇ ದೇವರಾಯನಿಂದ ಕರಿ ಬಂತು. ಮಂಗಳೂರಿಗೆ ಹಡಗಿನ್ಯಾಗ ಬಂದು, ಅಲ್ಲಿಂದ ಘಟ್ಟ ಹತ್ತಿ ಮಲೆನಾಡ ದಾಟಿ ಬಂದ. ಸುಡೋ ಬಿಸಲಿನ್ಯಾಗ ಬಂದ್ರೂ ಅವನ ಕಣ್ಣಿಗೆ ಊರು ಹೆಂಗ ಕಂಡಿತು ಗೊತ್ತೇನ್ರಿ? ಒಂದರ ಒಳಗೊಂದು ಏಳು ಕೋಟಿ, ಕಲ್ಲಿನ ಕಾಲುವಿಯೊಳಗ ಹರಿಯೋ ನೀರು, ಸಾಲು ಹಿಡದ ಅಂಗಡಿ, ಮುತ್ತು ರತ್ನ ಬಯಲಾಗ ಮಾರೋರು. ಎಲ್ಲಕಿಂತ ನನಗ ಹಿಡಿಸಿದ್ದು ಹೂವಿನ ಮಾತು. ಆ ಊರ ಮಂದಿಗೆ ಗುಲಾಬಿ ಹೂ ಇಲ್ಲಂದ್ರ ನಡಿಯಂಗಿಲ್ಲ, ಊಟದಷ್ಟ ಹೂವೂ ಬೇಕು ಅನ್ನೋ ಅರ್ಥದಾಗ ಬರದಾನ. ಎಲಿ-ಅಡಕಿ ತಿನ್ನೋದರ ಬಗ್ಗೆನೂ ಬಾಯ್ತುಂಬ ಹೊಗಳ್ಯಾನ.

ಅವನು ಕಂಡ ನೀರಿನ ಕಾಲುವಿ ಗುಟ್ಟು ಬ್ಯಾಸಗಿಯೊಳಗ ಹ್ವಾದ್ರನ ತಿಳಿಯೋದು. ಸುತ್ತೆಲ್ಲ ಬಂಡಿಗಲ್ಲು ಕಾದ ಹಂಚಿನಂಗ ಆಗಿರತಾವ, ನಡುವ ಬಾಳಿ ತೋಟ, ಭತ್ತದ ಗದ್ದಿ ಹಸರ. ವಿಜಯನಗರದ ಅರಸರು ಹೊಳಿಗೆ ಒಡ್ಡು ಕಟ್ಟಿ ತಗದ ಕಾಲುವಿಗಳೊಳಗ ಕೆಲವು ಇವತ್ತಿಗೂ ನೀರು ಹರಸತಾವ. ಆದ್ರ ನೋಡೋರ ಕಾಲಿಗೆ ಬ್ಯಾಸಗಿ ಬಾಳ ಕಷ್ಟ. ಗುಡಿ ಒಳಗ ಚಪ್ಪಲಿ ಬಿಟ್ಟು ಅಡ್ಡಾಡಬೇಕು. ಮಧ್ಯಾಹ್ನ ಹನ್ನೆರಡಕ್ಕ ವಿಠ್ಠಲ ಗುಡಿ ಅಂಗಳದಾಗ ಬರಿಗಾಲಲೆ ನಿಂತ್ರ ಕಲ್ಲಿನ ರಥ ನೋಡೋದು ಬಿಟ್ಟು ನೆರಳು ಎಲ್ಲೈತಿ ಅಂತ ಓಡಬೇಕಾಗತೈತಿ.

ಹಂಗಾದ್ರ ಹಂಪಿ ದೊಡ್ಡ ತೇರು ಯಾಕ ಬ್ಯಾಸಗಿಯೊಳಗ ಎಳೀತಾರ? ಚೈತ್ರದ ಹುಣ್ಣಿಮಿ, ನಾವು ದವನದ ಹುಣ್ಣಿಮಿ ಅಂತೀವಲ್ಲ, ಅವತ್ತ ವಿರೂಪಾಕ್ಷ-ಪಂಪಾದೇವಿ ತೇರು. ಬಿಸಲಿಗೆ ಹೆದರೋರು ಇಟ್ಟ ದಿನ ಅಲ್ಲ ಅದು. ನಮ್ಮ ಬಿಳಿಜೋಳದ ಲೆಕ್ಕ ತಗೋರಿ. ಹಿಂಗಾರಿ ಜೋಳ ಬಿತ್ತೋದು ಸೆಪ್ಟೆಂಬರ್-ಅಕ್ಟೋಬರ್‍ದಾಗ. ಕೊಯ್ಯೋದು ಶಿವರಾತ್ರಿ ಆಸುಪಾಸು. ರಾಶಿ ಮಾಡಿ, ಹಗೇವು ತುಂಬಿ, ಕಣ ಬಳದು ಆಗೋದರೊಳಗ ಯುಗಾದಿ. ಅಲ್ಲಿಂದ ಮಿರಗದ ಮಳಿ ತನಕ ಹೊಲದ ಕೆಲಸ ಕಡಿಮಿ. ಮನ್ಯಾಗ ಕಾಳು ಐತಿ, ಕೈಯಾಗ ತುಸು ರೊಕ್ಕ ಐತಿ, ಹೊಳಿ ಇಳದು ದಾಟಾಕ ಹಗುರ ಐತಿ. ಚಕ್ಕಡಿ ಹೂಡಿ ಬುತ್ತಿ ಕಟ್ಟಿಕೊಂಡು ಮಂದಿ ಹೊಂಟ್ರು. ಹಗಲೆಲ್ಲ ಮಂಟಪದ ನೆರಳಾಗ ಮಲಗೋದು, ಸಂಜಿಗೆ ತೇರು, ರಾತ್ರಿ ಬೆಳದಿಂಗಳಾಗ ಅಡ್ಡಾಡೋದು. ನಮ್ಮ ಸೀಮ್ಯಾಗೂ ಎಷ್ಟ ಜಾತ್ರಿ ಇದ ಕಾಲಕ್ಕ ಬರತಾವ ಎಣಿಸಿ ನೋಡ್ರಿ. ಜೋಳ ಉಣ್ಣೋ ಮಂದಿಯ ಪಂಚಾಂಗ ಅದು.

ಆಮ್ಯಾಲೆ ಮಳಿಗಾಲ. ಹಂಪ್ಯಾಗ ಮಳಿ ನಮ್ಮಕಡಿಗಿಂತ ಕಡಿಮಿ, ಅದೂ ಬಾಳಷ್ಟು ಸೆಪ್ಟೆಂಬರ್‍ದಾಗ ಬೀಳತೈತಿ. ಹಿಂಗಾಗಿ ಜುಲೈ-ಆಗಸ್ಟ್‍ದಾಗ ಆಕಾಶ ನೋಡಿ ಹ್ವಾದ್ರ ಮೋಡ ಮುಸುಕಿ ತಂಪ ಇರತೈತಿ. ಆದ್ರ ಅಲ್ಲಿ ಆಕಾಶ ನೋಡಿ ಉಪಯೋಗಿಲ್ಲ, ಮಲೆನಾಡಿನ ಮಳಿ ನೋಡಬೇಕು. ತೀರ್ಥಹಳ್ಳಿ, ಶೃಂಗೇರಿ ಕಡೆ ಜಡಿಮಳಿ ಹಿಡದ್ರ, ನಮ್ಮ ವರದಾ ದಂಡಿ ಮೀರಿದ್ರ, ಅದೆಲ್ಲ ಹೋಗಿ ನಿಲ್ಲೋದು ಹೊಸಪೇಟಿ ಹತ್ರದ ತುಂಗಭದ್ರಾ ಡ್ಯಾಮಿನ್ಯಾಗ. ಡ್ಯಾಮು ತುಂಬೋ ತನಕ ಹಂಪಿ ಹೊಳಿ ಶಾಂತ. ತುಂಬಿದ ದಿನ ಗೇಟ್ ಎತ್ತತಾರ, ಒಮ್ಮಿಗೇ ಹೊಳಿ ಏರತೈತಿ. ಪುರಂದರದಾಸರ ಮಂಟಪ ನೀರಾಗ ಮುಳಗತೈತಿ. ಚಕ್ರತೀರ್ಥದ ಕೋದಂಡರಾಮನ ಬಾಗಲ ತನಕ ನೀರು ಬರತೈತಿ. ನವವೃಂದಾವನಕ್ಕ ದೋಣಿ ಬಂದ್.

ಈ ಡ್ಯಾಮು ಪೂರಾ ಆಗಿದ್ದು 1953ರಾಗ, ಗೇಟು 33. ಅದರಾಗ 19ನೇ ಗೇಟಿನ ಚೈನ್ ಹರದು, ಗೇಟ ಕೊಚ್ಚಿಕೊಂಡು ಹೋಗಿದ್ದು 2024ರ ಆಗಸ್ಟ್ 10ರ ರಾತ್ರಿ. ಟಿವಿ ಮುಂದ ಕುಂತು ನಾವೆಲ್ಲ ಉಗಳು ನುಂಗಿದ್ದು ನೆನಪೈತಲ್ಲ? ಅಂಥಾದ್ದು ದಿನಾ ಆಗಂಗಿಲ್ಲ ಖರೆ. ಆದ್ರ ವ್ಯಾಸರಾಯರ ವೃಂದಾವನಕ್ಕ ಕೈ ಮುಗೀಬೇಕು ಅನ್ನೋ ಆಸೆಯಿಂದ ಹೋಗೋರು ಶ್ರಾವಣದಾಗ ಹ್ವಾದ್ರ ಈ ದಂಡ್ಯಾಗ ನಿಂತು ನೋಡಿ ತಿರುಗಿ ಬರಬೇಕಾದೀತು. ಡ್ಯಾಮು ಕಟ್ಟೋಕಿಂತ ಮೊದಲಂತೂ ಮಿರಗದಿಂದ ಸೀಗಿ ಹುಣ್ಣಿಮಿ ತನಕ ಹೊಳಿ ಯಾರ ಮಾತೂ ಕೇಳತಿರಲಿಲ್ಲ.

ಸಮುದ್ರದ್ದೂ ಇದ ಕತಿ. ವಿಜಯನಗರದ ದೊಡ್ಡ ವ್ಯಾಪಾರ ಅಂದ್ರ ಕುದರಿ. ಅರಬ ದೇಶದಿಂದ, ಹಾರ್ಮುಜ್‍ದಿಂದ ಹಡಗಿನ್ಯಾಗ ಭಟ್ಕಳ, ಗೋವಾಕ್ಕ ಬರತಿದ್ವು. ಮಳಿಗಾಲದ ಬಿರುಗಾಳ್ಯಾಗ ಬಂದರ ಬಂದ್ ಇರತಿದ್ವು. ಗಾಳಿ ತಿರುಗಿ, ಮಳಿ ನಿಂತು, ಘಟ್ಟದ ದಾರಿ ಒಣಗಿದ ಮ್ಯಾಲೆ ಕುದರಿ ಸಾಲು ಮ್ಯಾಲಕ್ಕ ಏರತಿತ್ತು. ನಮ್ಮ ಬಂಕಾಪುರದ ಕಡೆಯಿಂದನೂ ಹಿಂಗ ಕುದರಿ ಸಾಲು ಹಾದು ಹೋಗಿರತಾವ. ಹಜಾರರಾಮ ಗುಡಿಯ ಹೊರಗಿನ ಗ್ವಾಡಿ ಮ್ಯಾಲೆ ಸಾಲು ಸಾಲು ಆನಿ, ಕುದರಿ, ಕುದರಿ ಹಿಡಕೊಂಡು ನಡದವರು, ಸಿಪಾಯಿಗಳು, ಕುಣಿಯೋ ಹೆಣ್ಮಕ್ಕಳು ಅದಾರ. ಹ್ವಾದಾಗ ಆ ಗ್ವಾಡಿ ಮುಂದ ನಿಂತು ಸಾವಕಾಶ ನೋಡ್ರಿ. ಮಳಿ ನಿಂತ ಮ್ಯಾಲೆ ಆ ಊರು ಹೆಂಗ ಎದ್ದು ಕುಂತಿರತಿತ್ತು ಅನ್ನೋದು ಅಲ್ಲಿ ಕಲ್ಲಿನ್ಯಾಗ ಐತಿ.

ಇನ್ನ ಮಾನೌಮಿ. ನಾವು ದಸರಾ ಅನ್ನಂಗಿಲ್ಲ, ಮಾನೌಮಿ ಅಂತೀವಿ. ಘಟ್ಟ ಹಾಕತೀವಿ, ಮಣ್ಣಾಗ ಸಸಿ ಬೆಳಸತೀವಿ, ಬನ್ನಿ ಕೊಟ್ಟು "ಬಂಗಾರಧಂಗ ಇರೂಣು" ಅಂತೀವಿ. ಅದ ಮಹಾನವಮಿ ವಿಜಯನಗರದ ಎಲ್ಲಕಿಂತ ದೊಡ್ಡ ಹಬ್ಬ. 1520ರ ಸುಮಾರಿಗೆ ಕೃಷ್ಣದೇವರಾಯನ ಕಾಲಕ್ಕ ಬಂದ ಡೊಮಿಂಗೊ ಪಯಸ್ ಅನ್ನೋ ಪೋರ್ತುಗೀಸ ಪ್ರವಾಸಿ ಒಂಬತ್ತೂ ದಿನದ ಹಬ್ಬ ಕಣ್ಣಾರೆ ಕಂಡು ಬರದಾನ. ಈಗ ನಾವು ಮಹಾನವಮಿ ದಿಬ್ಬ ಅಂತ ನೋಡೋ ಆ ಎತ್ತರದ ಕಟ್ಟಿ ಸುತ್ತ ಬಣ್ಣದ ಬಟ್ಟಿ ಕಟ್ಟಿದ ಅಟ್ಟಣಿಗಿ, ಪೈಲ್ವಾನರ ಕುಸ್ತಿ, ರಾತ್ರಿ ಮದ್ದು ಬಾಣ, ಶೃಂಗಾರ ಮಾಡಿದ ಕುದರಿ, ಆನಿ. ಊರು ರೋಮ್ ಪಟ್ಟಣದಷ್ಟ ದೊಡ್ಡದ ಕಾಣತೈತಿ ಅಂದಾನ. ರಾಜನ ಮನಿಯ ಹೆಣ್ಮಕ್ಕಳು ಮೆರವಣಿಗ್ಯಾಗ ಬಂದಾಗ ಮೈ ಮ್ಯಾಲಿನ ಬಂಗಾರದ ಭಾರ ತಾಳಲಾರದೆ, ಬಾಜೂಕಿನ ಹೆಣ್ಮಕ್ಕಳು ಅವರ ಕೈ ಹಿಡದು ನಡಸತಿದ್ರಂತ!

ಪಯಸ್ ಆದ ಮ್ಯಾಲೆ, 1535ರ ಆಸುಪಾಸು ಅಚ್ಯುತರಾಯನ ಕಾಲಕ್ಕ ಬಂದ ನೂನಿಜ್ ಅನ್ನೋ ಇನ್ನೊಬ್ಬ ಪೋರ್ತುಗೀಸ ಕುದರಿ ವ್ಯಾಪಾರಿ. ಅವನು ಬರದಿದ್ದನ್ನ ನಾನು ಎರಡೆರಡ ಸಲ ಓದೇನಿ. ಅರಮನಿ ಒಳಗಿನ ಖರ್ಚು-ವೆಚ್ಚದ ಲೆಕ್ಕ ಬರಿಯೋರು ಹೆಣ್ಮಕ್ಕಳಂತ. ಹೊರಗಿನ ಗಂಡಸು ಬರಹಗಾರರ ಪುಸ್ತಕದ ಜೋಡಿ ತಮ್ಮ ಪುಸ್ತಕ ತಾಳೆ ನೋಡತಿದ್ರಂತ. ಕುಸ್ತಿ ಹಿಡಿಯೋ ಹೆಣ್ಮಕ್ಕಳೂ ಇದ್ರಂತ. ಕಿರಾಣಿ ಚೀಟಿ, ಹಾಲಿನ ಲೆಕ್ಕ, ಸಂಘದ ಪಾಸ್‍ಬುಕ್ ಹಿಡಿಯೋ ನಮಗ ಇದು ಹೊಸಾದಲ್ಲ ಬಿಡ್ರಿ. ಆದ್ರ ಒಂದು ಮಾತು ತಲ್ಯಾಗ ಕುಂತಿತು. ಪಯಸ್‍ಗೆ ಆ ಒಂಬತ್ತು ದಿನ ನೋಡೋ ಹಬ್ಬ. ಆ ಬಂಗಾರ ಹೊತ್ತವರಿಗೆ, ಕೈ ಹಿಡದವರಿಗೆ, ಲೆಕ್ಕ ಬರದವರಿಗೆ, ಒಲಿ ಮುಂದ ಇದ್ದವರಿಗೆ ಅದು ದುಡಿಯೋ ಹಬ್ಬ. ನಮ್ಮ ಮನ್ಯಾಗೂ ಹಬ್ಬ ಹಂಗ ಅಲ್ಲೇನ್ರಿ? ಅದಕ್ಕ ಮಾನೌಮಿಗೆ ಹಂಪಿ ನೋಡೂಣು ಅನ್ನೋ ವಿಚಾರ ಚಂದ ಖರೆ, ಘಟ್ಟದ ದೀಪ ಯಾರು ಕಾಯಬೇಕು? ಅಲ್ದ ಈಗ ಆ ವೈಭವದ ದಸರಾ ನೋಡಬೇಕಂದ್ರ ಮೈಸೂರಿಗೆ ಹೋಗಬೇಕು. ವಿಜಯನಗರ ಬಿದ್ದ ಮ್ಯಾಲೆ ರಾಜ ಒಡೆಯರು 1610ರಾಗ ಶ್ರೀರಂಗಪಟ್ಟಣದಾಗ ಅದನ್ನ ಮುಂದುವರಿಸಿದ್ರು.

ಮಾನೌಮಿ ಆ ಕಾಲಕ್ಕ ಬರಾಕ ಇನ್ನೊಂದು ಕಾರಣ ಐತಿ. ಒಂಬತ್ತು ದಿನ ಆದ ಮ್ಯಾಲೆ ಅರಸ ದಂಡು ನೋಡತಿದ್ದ. ಮಳಿ ನಿಂತೈತಿ, ಹೊಳಿ ಇಳಿಯಾಕತ್ತೇತಿ, ದಾರಿ ಗಟ್ಟಿ ಆಗೇತಿ, ಹೊಲದಾಗ ಕುದರಿಗೆ ಮೇವೈತಿ. ದಂಡಯಾತ್ರೆಗೆ ಹದ. ವಿಜಯದಶಮಿಯಿಂದ ಮಿರಗದ ತನಕ ಯುದ್ಧದ ಕಾಲ. ಕೃಷ್ಣದೇವರಾಯನ ರಾಯಚೂರು ಯುದ್ಧ ಆಗಿದ್ದು 1520ರ ಮೇ ತಿಂಗಳಾಗ, ಮಳಿ ಬರೋಕಿಂತ ಮೊದಲ. ಕಡೀಗೆ ವಿಜಯನಗರವನ್ನ ನೆಲಕ್ಕ ಕೆಡವಿದ ಯುದ್ಧ, ನಾವು ಸಾಲ್ಯಾಗ ತಾಳಿಕೋಟಿ ಅಂತ, ರಕ್ಕಸಗಿ-ತಂಗಡಗಿ ಅಂತ ಓದಿದ್ದು, 1565ರ ಜನವರಿ 23. ನೋಡ್ರಿ, ಇವತ್ತ ಪ್ರವಾಸಕ್ಕ ಎಲ್ಲಕಿಂತ ಚಲೋ ಅಂತ ಎಲ್ಲಾರೂ ಹೇಳೋ ತಿಂಗಳು ಅದು. ಥಂಡಿ ಗಾಳಿ, ತಿಳಿ ಆಕಾಶ, ಕೃಷ್ಣಾ ಹೊಳಿ ದಾಟಾಕ ಬರೋವಷ್ಟು ನೀರು. ಎರಡೂ ಕಡೆ ದಂಡಿಗೆ ಅದ ಬೇಕಾಗಿತ್ತು. ಅದಾದ ಮ್ಯಾಲೆ ಊರನ್ನ ತಿಂಗಳುಗಟ್ಟಲೆ ಸುಲದ್ರು, ಒಡದ್ರು, ಸುಟ್ಟರು. ಉಗ್ರನರಸಿಂಹನ ಮುರದ ಕೈ, ಕಲ್ಲಿನ ಬರೇ ಬುನಾದಿ ಉಳದ ಅರಮನಿ ಮುಂದ ನಿಂತಾಗ ಈ ತಿಂಗಳ ಲೆಕ್ಕ ನೆನಪಿಟ್ಟುಕೋರಿ. ಹದ ಅನ್ನೋದು ಬಿತ್ತೋರಿಗೂ ಒಂದ, ಸುಲಿಯೋರಿಗೂ ಒಂದ.

ಈಗಿನ ಚಳಿಗಾಲಕ್ಕ ಬರೂಣು. ಹಂಪಿ ಉತ್ಸವ 1980ರ ದಶಕದಾಗ ಎಂ.ಪಿ. ಪ್ರಕಾಶ್ ಅವರ ಮುತುವರ್ಜಿಯಿಂದ ಶುರು ಆತು. ಮೊದಲ ನವೆಂಬರ್ 3ರಿಂದ ಮೂರು ದಿನ ಮಾಡತಿದ್ರು. ಇತ್ತಿತ್ತಲಾಗ ಜನವರಿ, ಫೆಬ್ರವರಿ ಕಡೆ ಹ್ವಾಗೇತಿ. ದೀಪ ಹಾಕಿದ ಗುಡಿ, ಹಾಡು, ಕುಣಿತ, ಎಲ್ಲಾ ಚಂದ. ಆದ್ರ ಲಕ್ಷಗಟ್ಟಲೆ ಮಂದಿ, ರೂಮು ಸಿಗಂಗಿಲ್ಲ, ಗಾಡಿ ದೂರ ನಿಲ್ಲಸತಾರ. ಮೊಣಕಾಲು ನೋಯೋ ಹಿರೇರನ್ನ ಕರಕೊಂಡು ಆ ಗದ್ದಲದಾಗ ಹೋಗೋದು ಬ್ಯಾಡ. ಪುಷ್ಯ ಅಮಾಸಿಗೆ ಪುರಂದರದಾಸರ ಆರಾಧನಿ. ಭಜನಿ ಮಂಡಳಿಯವರಿಗೆ ಅದು ಚಲೋ ದಿನ. ಡಿಸೆಂಬರ್ ಕೊನಿ ವಾರ ಮಾತ್ರ ಪೂರ್ತಿ ಬಿಟ್ಟುಬಿಡ್ರಿ. ಸಾಲಿ ಮಕ್ಕಳ ಬಸ್ಸು, ಹೊಸ ವರ್ಷದ ಮಂದಿ, ಕಾಲಿಡಾಕ ಜಾಗ ಇರಂಗಿಲ್ಲ.

ಒಟ್ಟ ಹೇಳಬೇಕಂದ್ರ ಹಂಪಿಗೆ ಚಲೋ ಕಾಲ ನವೆಂಬರ್‍ದಿಂದ ಫೆಬ್ರವರಿ. ಇದನ್ನ ಯಾರು ಬೇಕಾದ್ರೂ ಹೇಳತಾರ. ಆದ್ರ ಆ ನಾಕ್ ತಿಂಗಳು ನಮ್ಮ ಹೆಣ್ಮಕ್ಕಳ ಕೈಗೆ ಪುರಸೊತ್ತಿಲ್ಲ. ಯಾಕ? ಇಲ್ಲೇ ಇತಿಹಾಸದ ಇನ್ನೊಂದು ಎಳಿ ಐತಿ, ನನಗ ಬಾಳ ಸೋಜಿಗ ಅನಿಸಿದ್ದು.

ಕೃಷ್ಣದೇವರಾಯನ ಕಾಲಕ್ಕ ನಮ್ಮ ಸೀಮಿ ಹೊಲದಾಗ ಗೋವಿನಜೋಳ ಇರಲಿಲ್ಲ. ಬ್ಯಾಡಗಿ ಮೆಣಸಿನಕಾಯಿನೂ ಇರಲಿಲ್ಲ. ಎರಡೂ ಅಮೆರಿಕಾ ಖಂಡದ ಬೆಳಿ. 1492ರಾಗ ಸ್ಪೇನ್ ದೇಶದ ರಾಜ-ರಾಣಿ ಕೊಟ್ಟ ಹಡಗು ತಗೊಂಡು ಕೊಲಂಬಸ್ ಆ ಕಡಿಗೆ ಹೋದ ಮ್ಯಾಲೆನ ಹೊರಗಿನ ಜಗತ್ತಿಗೆ ಇವು ಗೊತ್ತಾಗಿದ್ದು. ಮೆಣಸಿನಕಾಯಿ ಪೋರ್ತುಗೀಸರ ಹಡಗಿನ್ಯಾಗ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಅದಕ್ಕೂ ಮೊದಲು ನಮ್ಮವರ ಸಾರಿಗೆ ಖಾರ ಅಂದ್ರ ಕರಿ ಮೆಣಸು, ಶುಂಠಿ. ಪಯಸ್, ನೂನಿಜ್ ಬಂದು ಹಂಪಿ ನೋಡಿದ ಕಾಲಕ್ಕ ಅವರ ದೇಶದ ಹಡಗುಗಳು ಸಮುದ್ರದ ಮ್ಯಾಲೆ ಅಡ್ಡಾಡತಿದ್ವು. ಆ ಹಡಗಿನ ಕಾಯಿ ಮುಂದ ಒಂದಿನ ಬ್ಯಾಡಗಿ ಪ್ಯಾಟಿ ತುಂಬೀತು, ಕಾಗಿನೆಲಿ ಹೆಣ್ಮಕ್ಕಳ ಪಂಚಾಂಗ ಬದಲಿಸೀತು ಅಂತ ಯಾರಿಗೆ ಗೊತ್ತಿತ್ತು!

ಬದಲಿಸಿದ್ದು ಖರೆ ನೋಡ್ರಿ. ಜೋಳ ಇದ್ದಾಗ ಹೆಣ್ಮಕ್ಕಳಿಗೆ ಯುಗಾದಿ ಆದ ಮ್ಯಾಲೆ ಬಿಡುವು. ತೇರಿಗೆ ಹೋಗಾಕ ಬರತಿತ್ತು. ಈಗ? ಗೋವಿನಜೋಳ ಮುರಿಯೋದು, ಸುಲಿಯೋದು ಅಕ್ಟೋಬರ್-ನವೆಂಬರ್. ಹತ್ತಿ ಬಿಡಸೋದು ಅದರ ಜೋಡಿ. ಮೆಣಸಿನಕಾಯಿ ಹಣ್ಣಾಗಿ ಬಿಡಸೋದು ಡಿಸೆಂಬರ್ ನಡುವಿನಿಂದ ಮಾರ್ಚ್ ತನಕ. ಆಮ್ಯಾಲೆ ಬ್ಯಾಡಗ್ಯಾಗ ತೊಟ್ಟು ಮುರಿಯೋ ಕೆಲಸ, ಅದು ಬ್ಯಾಸಗಿ ತನಕ ಎಳೀತೈತಿ. ಕೈ ಉರಿ, ಕಣ್ಣುರಿ, ಆದ್ರೂ ಆ ಕೂಲಿ ಬಿಡಾಕ ಬರಂಗಿಲ್ಲ, ಮಕ್ಕಳ ಫೀ ಅದರಾಗ ಐತಿ. ಹಳೇ ಜಾತ್ರಿ ಪಂಚಾಂಗ ಹೊಸಾ ಬೆಳಿಗೆ ಕೂಡವಲ್ಲದು. ಯಾರೂ ನಮಗ ಬಿಡುವು ಇಡಲಿಲ್ಲ ಅಂತ ಕುಂತ್ರ ಬಿಡುವು ಬರಂಗಿಲ್ಲ, ಹೊಸಾ ಹದ ನಾವ ಹುಡುಕಬೇಕು.

ನಾನು ಕ್ಯಾಲೆಂಡರ್ ಮುಂದ ಇಟಗೊಂಡು ಹುಡುಕೇನಿ. ನನ್ನ ಲೆಕ್ಕಕ್ಕ ಒಂದ ಸಂದು ಸಿಗತೈತಿ. ಒಂದು ಕಡೆ ಕನಕ ಜಯಂತಿ, ಕಾರ್ತಿಕ ಬಹುಳ ತದಿಗಿ, ನವೆಂಬರ್‍ದಾಗ ಬರತೈತಿ. ಅವತ್ತ ಕಾಗಿನೆಲಿ ಬಿಟ್ಟು ನಾವು ಹೋಗಂಗಿಲ್ಲ. ಊರಿಗೆ ಮಂದಿ ಬಂದಿರತಾರ, ಮನಿಗೆ ಬೀಗರು ಬಂದಿರತಾರ. ಇನ್ನೊಂದು ಕಡೆ ಎಳ್ಳ ಅಮಾಸಿ, ಹೊಲಕ್ಕ ಹೋಗಿ ಚರಗ ಚೆಲ್ಲೋ ದಿನ. ಇವೆರಡರ ನಡುವ, ಗೋವಿನಜೋಳದ ರಾಶಿ ಮುಗದು ಮೆಣಸಿನಕಾಯಿ ಮೊದಲನೇ ಬಿಡಿಕೆ ಶುರು ಆಗೋದರೊಳಗ, ಹತ್ತು-ಹದಿನೈದು ದಿನ ಉಸರಾಡಾಕ ಸಿಗತಾವ. ನವೆಂಬರ್ ಕೊನಿ ವಾರ, ಡಿಸೆಂಬರ್ ಮೊದಲ ವಾರ ಅಂತ ಇಟಗೋರಿ. ಹೊಳಿ ಇಳದಿರತೈತಿ, ಬಿಸಲು ಮೆತ್ತಗ ಇರತೈತಿ, ಮಳಿ ಆದ ಮ್ಯಾಲಿನ ಹಸರ ಇನ್ನೂ ಇರತೈತಿ, ಸಾಲಿ ಸೂಟಿ ಇರಂಗಿಲ್ಲ. ವಿರೂಪಾಕ್ಷ-ಪಂಪಾದೇವಿ ನಿಶ್ಚಿತಾರ್ಥ ಅನ್ನೋ ಫಲಪೂಜಿನೂ ಈ ಆಸುಪಾಸಿನ್ಯಾಗ ಬರತೈತಿ. ಚೈತ್ರದಾಗ ಮದುವಿ, ಈಗ ನಿಶ್ಚಿತಾರ್ಥ. ದೇವರಿಗೂ ರಾಶಿ ಮುಂದ ಮಾತುಕತಿ, ರಾಶಿ ಆದ ಮ್ಯಾಲೆ ಲಗ್ನ, ನಮ್ಮಂಗ!

ದಿನ ಮಂಗಳವಾರ-ಬುಧವಾರ ಇಟಗೋರಿ. ಶನಿವಾರ-ರವಿವಾರ ಬ್ಯಾಡ. ಒಂದ ದಿನದಾಗ ಓಡಿ ಬರೋದೂ ಬ್ಯಾಡ. ಎರಡು ದಿನ, ಒಂದು ರಾತ್ರಿ ವಸ್ತಿ ಹೊಸಪೇಟ್ಯಾಗ. ಮೊದಲನೇ ದಿನ ಮುಂಜಾನೆ ಬಿಟ್ಟು, ಮಧ್ಯಾಹ್ನ ಬುತ್ತಿ ಉಂಡು, ಬಿಸಲು ಇಳದ ಮ್ಯಾಲೆ ಹಜಾರರಾಮ, ಮಹಾನವಮಿ ದಿಬ್ಬ, ಅದರ ಹತ್ರದ ಮೆಟ್ಟಿಲ ಹೊಂಡ, ಕಮಲ ಮಹಲ್, ಆನಿ ಲಾಯ. ಇವೆಲ್ಲ ಸಪಾಟ ಜಾಗ, ಹಿರೇರಿಗೆ ಹಗುರ. ದಿಬ್ಬ ಹತ್ತಲಾರದವರು ಕೆಳಗ ಕುಂತು ಸುತ್ತಲಿನ ಕೆತ್ತನಿ ನೋಡ್ರಿ, ಚಂದ ಇರೋದು ಅದ.

ಎರಡನೇ ದಿನ ಬೆಳಕು ಹರಿಯೋದಕ್ಕ ವಿರೂಪಾಕ್ಷ. ವಿಜಯನಗರ ಹಾಳಾದ್ರೂ ಇವತ್ತಿಗೂ ಪೂಜಿ ನಡಿಯೋ ಗುಡಿ ಇದು. ಅಲ್ಲಿಯ ರಂಗಮಂಟಪ ಕೃಷ್ಣದೇವರಾಯ 1510ರಾಗ ಪಟ್ಟ ಕಟ್ಟಿಸಿಕೊಂಡ ನೆನಪಿಗೆ ಕಟ್ಟಿಸಿದ್ದು. ಅಲ್ಲಿಂದ ಉಗ್ರನರಸಿಂಹ, ಅದು 1528ರದ್ದು, ಬಾಜೂಕ ನೀರಾಗ ನಿಂತ ಬಡವಿಲಿಂಗ. ಬಿಸಲು ಏರೋದರೊಳಗ ವಿಠ್ಠಲ ಗುಡಿ. ಗಾಡಿ ನಿಲ್ಲಸೋ ಜಾಗದಿಂದ ಗುಡಿ ತನಕ ಬ್ಯಾಟರಿ ಗಾಡಿ ಅದಾವ, ಅದರೊಳಗ ನಡಸೋರು ಹೆಣ್ಮಕ್ಕಳೂ ಅದಾರ. ನಮ್ಮ ಹಿರೇರು ನಡಿಯೋದು ಬ್ಯಾಡ. ಗುಡಿ ಆದ ಮ್ಯಾಲೆ ಹೊಳಿ ದಂಡಿಗೆ ಪುರಂದರ ಮಂಟಪ. ಮಧ್ಯಾಹ್ನದ ಮ್ಯಾಲೆ ಆನೆಗುಂದಿ ಕಡೆ ಹೋಗಿ, ನೀರು ಕಡಿಮಿ ಇದ್ದು ದೋಣಿ ಬಿಡತಿದ್ರ ಮಾತ್ರ ನವವೃಂದಾವನ. ಹೊರಡೋ ಮುಂಚೆ ದೋಣಿ ಐತೋ ಇಲ್ಲೋ ಅಂತ ಫೋನ್ ಮಾಡಿ ಕೇಳಿಕೋರಿ.

ಕಟ್ಟಿಕೊಳ್ಳೋದು: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಮೊಸರಿಗೆ ಒಂದು ಬಿಗಿ ಡಬ್ಬಿ. ನೀರಿನ ಬಾಟಲಿ ತಲೆಗೊಂದು. ಕಾಲಿಗೆ ದಪ್ಪ ಕಾಲುಚೀಲ, ಗುಡಿ ಅಂಗಳದಾಗ ಕಲ್ಲು ಸುಟ್ಟರೂ ತಡಿಯಾಕ, ಥಂಡಿ ಇದ್ರೂ ತಡಿಯಾಕ. ಬಿಪಿ, ಶುಗರ್ ಗುಳಿಗಿ ಕೈಚೀಲದಾಗ ಇಟಗೋರಿ, ಗಾಡಿ ಡಿಕ್ಕ್ಯಾಗ ಬ್ಯಾಡ.

ಈ ಸಂದಿನ್ಯಾಗ ಬರಾಕ ಆಗಂಗಿಲ್ಲ ಅನ್ನೋರಿಗೆ ಎರಡನೇ ಲೆಕ್ಕ. ಬ್ಯಾಸಗಿ ಸೂಟ್ಯಾಗ ಮೊಮ್ಮಕ್ಕಳ ಜೋಡಿನ ಹೋಗಬೇಕಾದ್ರ ಹಳೇ ಜಾತ್ರಿ ಮಂದಿ ಮ್ಯಾಳಕ್ಕ ಮಾಡಿದಂಗ ಮಾಡ್ರಿ: ಮುಂಜಾನೆ ಒಂಬತ್ತರೊಳಗ, ಸಂಜೀಕ ನಾಕೂವರೆ ಆದ ಮ್ಯಾಲೆ ಅಷ್ಟ ಅಡ್ಡಾಡೋದು. ನಡುವಿನ ಹೊತ್ತು ನೆರಳಾಗ ಮಲಗೋದು. ಶ್ರಾವಣದಾಗ ಹ್ವಾದ್ರ ಹೊಳಿ ದಂಡಿ ಬಿಟ್ಟು ಅರಮನಿ ಕಡೆ ನೋಡೋದು, ಡ್ಯಾಮಿನ ಸುದ್ದಿ ಕೇಳಿ ಹೊಂಡೋದು. ಸೆಪ್ಟೆಂಬರ್‍ದಾಗ ಛತ್ರಿ ಬೇಕ ಬೇಕು.

ಅರಸರು ತಮ್ಮ ದಂಡಿಗೆ ಹದ ನೋಡಿಕೊಂಡ್ರು, ವ್ಯಾಪಾರಿಗಳು ತಮ್ಮ ಹಡಗಿಗೆ ನೋಡಿಕೊಂಡ್ರು, ಜೋಳ ಬೆಳದವರು ತಮ್ಮ ತೇರಿಗೆ ನೋಡಿಕೊಂಡ್ರು. ನಾವೂ ನಮ್ಮದೊಂದು ನೋಡಿಕೊಂಡ್ರ ತಪ್ಪೇನಿಲ್ಲ. ರಾಶಿ ಮಷೀನ್ ಯಾವಾಗ ಬರತೈತಿ ಅಂತ ಮನಿ ಗಂಡಸರು ತಿಂಗಳ ಮೊದಲ ಹೇಳಿ ಇಡತಾರಲ್ಲ, ಹಂಗ ಈ ಎರಡು ದಿನಾನೂ ಈಗ ಹೇಳಿ ಇಡ್ರಿ, "ಅವತ್ತ ಒಲಿ ನೀವು ಹಚ್ಚಕೋರಿ" ಅಂತ. ಹತ್ತು ಮಂದಿ ಆದ್ರ ಒಂದು ಟೆಂಪೋ ಟ್ರಾವೆಲರ್ ಆಗತೈತಿ. ನಮ್ಮ ಅತ್ತಿಯವರ ಹೆಸರು ಮೊದಲು ಬರದೇನಿ, ಮುಂದಿನ ಸೀಟು ಅವರಿಗೆ. ಉಳದ ಹೆಸರು ಸೀಗಿ ಹುಣ್ಣಿಮಿಯೊಳಗ ನನಗ ಹೇಳ್ರಿ.